ವಜ್ರಕ್ಕೆ ಬಂಗಾರದಂತೆ ದಿನದ ದರ ಏಕಿಲ್ಲ? ಗಣಿಯಿಂದ ಅಂಗಡಿಯವರೆಗಿನ ಲೆಕ್ಕ ಬಲ್ಲವರು ತಿಳಿಸಿ

ಹೇಮಾವತಿ ತೀರ

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆಯವರ ಏಳು ಹರಳಿನ ವಜ್ರದ ಓಲೆ ಮನೆಯಲ್ಲಿದೆ. ದೊಡ್ಡ ಮಗಳ ಮದುವೆಗೆ ಅದನ್ನು ಮುರಿಸಿ ಹೊಸ ಮಾದರಿ ಮಾಡಿಸೋಣವೆಂದು ಹಾಸನದಲ್ಲಿಯೂ ಬೆಂಗಳೂರಿನಲ್ಲಿಯೂ ವಿಚಾರಿಸಿದೆ. ಒಬ್ಬರು ಹೇಳಿದ ಬೆಲೆಗೂ ಇನ್ನೊಬ್ಬರು ಹೇಳಿದ್ದಕ್ಕೂ ಅರ್ಧಕ್ಕರ್ಧ ವ್ಯತ್ಯಾಸ. ಮತ್ತೊಂದು ಅಂಗಡಿಯವರು, ‘ಬಂಗಾರದ ತೂಕಕ್ಕೆ ಹಣ ಕೊಡುತ್ತೇವೆ, ಹರಳನ್ನು ನೀವೇ ಇಟ್ಟುಕೊಳ್ಳಿ’ ಎಂದುಬಿಟ್ಟರು. ಬಂಗಾರವಾದರೆ ಪತ್ರಿಕೆಯಲ್ಲಿ ದರ ಬರುತ್ತದೆ, ಯಾವ ಊರಿನಲ್ಲಿ ಕೊಂಡರೂ ಎಲ್ಲಿ ಮಾರಿದರೂ ಲೆಕ್ಕ ಸಿಗುತ್ತದೆ. ಬಂಗಾರಕ್ಕಿಂತ ದುಬಾರಿ ಎಂದು ಕೊಂಡದ್ದಕ್ಕೆ ಮಾರುವ ಹೊತ್ತಿಗೆ ಬೆಲೆಯೇ ಇಲ್ಲವೆಂದರೆ ಹೇಗೆ? ಇದರ ಜೊತೆಗೆ ಚಿಕ್ಕ ಮಗಳು, ‘ಗಣಿಯ ವಜ್ರವೇ ಬೇಡ, ಪ್ರಯೋಗಾಲಯದಲ್ಲಿ ಬೆಳೆಸಿದ್ದನ್ನು ಕೊಳ್ಳೋಣ’ ಎಂದು ಹಟ ಹಿಡಿದಿದ್ದಾಳೆ. ಇದರ ಒಳಹೊರಗು ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಿ.

ಚಿಕ್ಕಪೇಟೆ ವರ್ತಕ

ಅಕ್ಕ, ನಮ್ಮದು ತಂದೆಯ ಕಾಲದಿಂದ ಹರಳಿನ ವ್ಯಾಪಾರ. ನೀವು ಕೇಳಿದ್ದು ನ್ಯಾಯವಾದ ಪ್ರಶ್ನೆ, ಅಂಗಡಿಯವರು ನಿಂತು ಉತ್ತರಿಸಬೇಕಾದ ಪ್ರಶ್ನೆ.

ಬಂಗಾರ ಕರಗುತ್ತದೆ. ಕರಗಿಸಿ ಶುದ್ಧಿ ಮಾಡಿದ ಮೇಲೆ ಯಾರ ಮನೆಯ ಬಳೆ, ಯಾವ ಕಾಲದ ಸರ ಎಂಬುದೇನೂ ಉಳಿಯುವುದಿಲ್ಲ. ವಜ್ರದಲ್ಲಿ ಒಂದೊಂದು ಕಲ್ಲಿಗೂ ಬೇರೆ ಬೇರೆ ಬೆಲೆ. ತೂಕ, ಬಣ್ಣ, ಒಳಗಿನ ದೋಷ, ಸಾಣೆಯ ಗುಣ ನಾಲ್ಕನ್ನೂ ನೋಡಬೇಕು. ನೂರು ಸೆಂಟ್ ಸೇರಿದರೆ ಒಂದು ಕ್ಯಾರಟ್, ಐದು ಕ್ಯಾರಟ್ ಸೇರಿದರೆ ಒಂದು ಗ್ರಾಂ. ಆದರೆ ಹತ್ತು ಸೆಂಟಿನ ಹತ್ತು ಕಲ್ಲುಗಳನ್ನು ಕೂಡಿಸಿದರೆ ಒಂದು ಕ್ಯಾರಟ್‌ನ ಒಂಟಿ ಕಲ್ಲಿನ ಬೆಲೆ ಬರುವುದಿಲ್ಲ, ಅದರ ಸಣ್ಣ ಪಾಲು ಬಂದರೆ ಹೆಚ್ಚು. ಏಳು ಹರಳಿನ ಓಲೆಯಲ್ಲಿರುವುದು ಇಂಥ ಸಣ್ಣ ಕಲ್ಲುಗಳೇ.

ದರಪಟ್ಟಿಯೇ ಇಲ್ಲವೆಂದಲ್ಲ. ನ್ಯೂಯಾರ್ಕಿನ ಮಾರ್ಟಿನ್ ರಾಪಾಪೋರ್ಟ್ 1978ರಲ್ಲಿ ಆರಂಭಿಸಿದ ಪಟ್ಟಿ ಈಗಲೂ ವಾರ ವಾರ ಹೊರಡುತ್ತದೆ. ಮುಂಬೈಯಾಗಲಿ ಬೆಲ್ಜಿಯಂನ ಆಂಟ್‌ವರ್ಪ್ ಆಗಲಿ, ದೊಡ್ಡ ಕಲ್ಲಿನ ಮಾತು ‘ಪಟ್ಟಿಗಿಂತ ಶೇಕಡಾ ಇಷ್ಟು ಕೆಳಗೆ’ ಎಂದೇ ಶುರುವಾಗುವುದು. ಆ ಪಟ್ಟಿ ವರ್ತಕರ ಕೈಯಲ್ಲಿರುತ್ತದೆ, ಗಿರಾಕಿಯ ಕಣ್ಣಿಗೆ ಬೀಳುವುದಿಲ್ಲ.

ಅತ್ತೆಯವರು ‘ಬ್ಲೂ ಜಾಗರ್’ ಎನ್ನುತ್ತಿದ್ದರೇ? ಹಳೆಯ ಮನೆಗಳಲ್ಲಿ ಈ ಮಾತು ಹೆಚ್ಚು. ದಕ್ಷಿಣ ಆಫ್ರಿಕಾದ ಜಾಗರ್ಸ್‌ಫಾಂಟೇನ್ ಗಣಿಯಿಂದ ಬರುತ್ತಿದ್ದ, ನಸುನೀಲಿ ಹೊಳಪಿನ ಬಿಳಿ ಕಲ್ಲುಗಳಿಗೆ ಹಿಂದೆ ದೊಡ್ಡ ಹೆಸರಿತ್ತು. ಆ ಗಣಿ ಮುಚ್ಚಿದ್ದು 1971ರಲ್ಲಿ. ಇವತ್ತು ಆ ಹೆಸರು ಹೇಳಿ ಹೊಸ ಕಲ್ಲು ಮಾರುವವರು ಬಣ್ಣವನ್ನು ಹೊಗಳುತ್ತಿದ್ದಾರೆಯೇ ಹೊರತು ಆ ಗಣಿಯ ಕಲ್ಲನ್ನು ಕೊಡುತ್ತಿಲ್ಲ. ಹಿಂದೆ ನಮ್ಮ ಅಂಗಡಿಯಿಂದ ಕಲ್ಲನ್ನು ಮನೆಗೆ ಒಯ್ದು, ಬಟ್ಟೆಯಲ್ಲಿ ಕಟ್ಟಿ ದೇವರ ಮನೆಯಲ್ಲಿಟ್ಟು, ಒಳ್ಳೆಯ ಸುದ್ದಿ ಬಂದರೆ ಮಾತ್ರ ಕೊಳ್ಳುತ್ತಿದ್ದರು. ಆಗಿಬರದಿದ್ದರೆ ವಾಪಸು ತಂದು ಕೊಡುತ್ತಿದ್ದರು. ರಸೀದಿಯಿಲ್ಲದೆ, ಬರೀ ಮಾತಿನ ಮೇಲೆ ಇದು ನಡೆಯುತ್ತಿತ್ತು.

ಹಳೆಯ ದಾಖಲೆ

ವರ್ತಕರು ಹೇಳಿದ ‘ಪಟ್ಟಿ ಗಿರಾಕಿಗೆ ಕಾಣುವುದಿಲ್ಲ’ ಎಂಬುದಕ್ಕೆ ನಮ್ಮ ನೆಲದಲ್ಲಿಯೇ ಹಳೆಯ ದಾಖಲೆಯಿದೆ. ನಾನು ವಿಜಯಪುರದವನು, ಆದಿಲ್‌ಶಾಹಿ ಕಾಲದ ಬರಹಗಳನ್ನು ಓದುವುದು ನನ್ನ ಹವ್ಯಾಸ.

17ನೆಯ ಶತಮಾನದ ನಡುವಿನಲ್ಲಿ ಫ್ರಾನ್ಸಿನ ರತ್ನ ವ್ಯಾಪಾರಿ ಟ್ಯಾವರ್ನಿಯೆ ತಾನು ಕಂಡ ಮೊದಲ ವಜ್ರದ ಗಣಿ ರಾವಲ್‌ಕೊಂಡ ಎಂದೂ ಅದು ಬಿಜಾಪುರದ ಸುಲ್ತಾನನ ಸೀಮೆಯಲ್ಲಿ, ಕರ್ನಾಟಕ ಪ್ರಾಂತದಲ್ಲಿ ಇದೆಯೆಂದೂ ಬರೆದಿದ್ದಾನೆ. ಗೋಲ್ಕೊಂಡದಿಂದ ಐದು ದಿನದ, ಬಿಜಾಪುರದಿಂದ ಎಂಟೊಂಬತ್ತು ದಿನದ ಹಾದಿ. ಇಂದಿನ ಕರ್ನೂಲು ಜಿಲ್ಲೆಯ ರಾಮಳ್ಳಕೋಟವೇ ಅದು ಎಂಬುದು ಹೆಚ್ಚಿನವರು ಒಪ್ಪುವ ಗುರುತು. ಅಲ್ಲಿನ ವ್ಯಾಪಾರದ ಬಗೆಯನ್ನು ಅವನು ಬಹಳ ಸೂಕ್ಷ್ಮವಾಗಿ ಬರೆದಿಟ್ಟಿದ್ದಾನೆ. ಕೊಳ್ಳುವವನೂ ಮಾರುವವನೂ ಎದುರುಬದುರು ಕೂರುತ್ತಾರೆ. ಒಬ್ಬ ತನ್ನ ನಡುಕಟ್ಟನ್ನು ಬಿಚ್ಚಿ ಇನ್ನೊಬ್ಬನ ಕೈಯನ್ನು ಅದರಡಿ ಮುಚ್ಚಿ ಹಿಡಿಯುತ್ತಾನೆ. ಇಡೀ ಕೈ ಹಿಡಿದರೆ ಸಾವಿರ, ಐದು ಬೆರಳು ಒತ್ತಿದರೆ ಐನೂರು, ಒಂದು ಬೆರಳಿಗೆ ನೂರು, ಬೆರಳಿನ ನಡುಗಣ್ಣಿನವರೆಗೆ ಐವತ್ತು, ತುದಿಗೆ ಹತ್ತು. ಸುತ್ತ ಎಷ್ಟು ಜನ ನಿಂತಿದ್ದರೂ ಬೆಲೆ ಏನೆಂದು ಆ ಇಬ್ಬರಿಗೆ ಬಿಟ್ಟು ಯಾರಿಗೂ ತಿಳಿಯದು.

ಇನ್ನೊಂದು ಚಿತ್ರವೂ ಇದೆ. ಬೆಳಗಾದರೆ ವರ್ತಕರ ಮಕ್ಕಳು, ಹತ್ತರಿಂದ ಹದಿನೈದು ಹದಿನಾರು ವಯಸ್ಸಿನವರು, ಊರಿನ ಬಯಲಿನಲ್ಲಿದ್ದ ದೊಡ್ಡ ಮರದ ಕೆಳಗೆ ಬಂದು ಕೂರುತ್ತಿದ್ದರು. ಒಂದು ಕಡೆ ತೂಕದ ಬಟ್ಟುಗಳ ಚೀಲ, ಇನ್ನೊಂದು ಕಡೆ ಹಣದ ಚೀಲ. ಯಾರಾದರೂ ಕಲ್ಲು ತಂದರೆ ಗುಂಪಿನ ಹಿರಿಯ ಹುಡುಗನ ಕೈಗೆ ಕೊಡುವುದು, ಅವನು ನೋಡಿ ಪಕ್ಕದವನಿಗೆ ಕೊಡುವುದು, ಹೀಗೆ ಮಾತಿಲ್ಲದೆ ಕೈಯಿಂದ ಕೈಗೆ ಸಾಗಿ ಮತ್ತೆ ಅವನ ಬಳಿಗೆ ಬರುವುದು. ಸಂಜೆಗೆ ಕೊಂಡ ಕಲ್ಲುಗಳನ್ನೆಲ್ಲ ವಿಂಗಡಿಸಿ ದೊಡ್ಡ ವ್ಯಾಪಾರಿಗಳಿಗೆ ಮಾರಿ ಲಾಭ ಹಂಚಿಕೊಳ್ಳುತ್ತಿದ್ದರು.

ಅಗೆಯುವವರ ಪಾಡು? ಕಸುಬು ಚೆನ್ನಾಗಿ ಬಲ್ಲವನಿಗೂ ವರ್ಷಕ್ಕೆ ಮೂರು ವರಹ ಕೂಲಿ. ಒಬ್ಬನು ಕಣ್ಣಿನ ಮೂಲೆಯಲ್ಲಿ ಎರಡು ಕ್ಯಾರಟ್‌ನಷ್ಟು ತೂಕದ ಕಲ್ಲನ್ನು ಬಚ್ಚಿಟ್ಟು ಸಿಕ್ಕಿಬಿದ್ದದ್ದನ್ನು ಟ್ಯಾವರ್ನಿಯೆ ದಾಖಲಿಸಿದ್ದಾನೆ. ವರ್ಷಕ್ಕೆ ಮೂರು ವರಹದಲ್ಲಿ ಬದುಕುವವನನ್ನು ಕಳ್ಳ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಹೇಮಾವತಿ ತೀರ

ಕೊಹಿನೂರು ಸಿಕ್ಕಿದ್ದು ಕೊಲ್ಲೂರಿನಲ್ಲಿ ಎನ್ನುತ್ತಾರಲ್ಲ, ಅದು ನಮ್ಮ ಮೂಕಾಂಬಿಕೆಯ ಕೊಲ್ಲೂರೇ?

ಹಳೆಯ ದಾಖಲೆ

ಅಲ್ಲ ತಾಯಿ. ಅದು ಆಂಧ್ರದಲ್ಲಿ ಕೃಷ್ಣಾ ನದಿಯ ದಡದಲ್ಲಿದ್ದ ಕೊಲ್ಲೂರು. ಅಲ್ಲಿ ಅರವತ್ತು ಸಾವಿರದಷ್ಟು ಜನ ಕೆಲಸಕ್ಕಿದ್ದರು ಎಂದು ಟ್ಯಾವರ್ನಿಯೆ ಹೇಳುತ್ತಾನೆ. ಕೊಹಿನೂರು ಅಲ್ಲಿಯದೇ ಎನ್ನುವುದಕ್ಕೆ ಗಟ್ಟಿ ದಾಖಲೆಯಿಲ್ಲ. ಗೋಲ್ಕೊಂಡದ ವಜ್ರ ಎಂದು ಲೋಕವೆಲ್ಲ ಹೇಳಿದರೂ ಗೋಲ್ಕೊಂಡದ ಕೋಟೆಯಲ್ಲಿ ಗಣಿ ಇರಲಿಲ್ಲ, ಅದು ಪೇಟೆ. ಅದಕ್ಕೂ ಮೊದಲು ವಿಜಯನಗರದ ಅರಸರ ಕಾಲದಲ್ಲಿ, ಗಣಿಯ ಸೀಮೆಯನ್ನು ಗುತ್ತಿಗೆ ಹಿಡಿದ ಒಡೆಯನು ಇಪ್ಪತ್ತು ಮಂಜಾಡಿಗಿಂತ (ಮಂಜಾಡಿ ಅಂದಿನ ಹರಳಿನ ತೂಕದ ಅಳತೆ) ಹೆಚ್ಚು ತೂಗುವ ಕಲ್ಲುಗಳನ್ನೆಲ್ಲ ಅರಮನೆಯ ಬೊಕ್ಕಸಕ್ಕೆ ಒಪ್ಪಿಸಬೇಕಿತ್ತು ಎಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ.

ಹಗರಿ ಹಳ್ಳ

ನಾನು ಬಳ್ಳಾರಿ ಕಡೆಯವನು. ನೀವು ಹೇಳುವುದು ಹಳೆಯ ಕಥೆಯಲ್ಲ, ಈಗಲೂ ನಡೆಯುತ್ತಿದೆ. ಮುಂಗಾರಿನ ಮೊದಲ ಹದ ಮಳೆ ಬಿದ್ದರೆ ಸಾಕು, ಗಡಿಯಾಚೆ ಕರ್ನೂಲು ಜಿಲ್ಲೆಯ ಜೊನ್ನಗಿರಿ, ತುಗ್ಗಲಿ, ಮದ್ದಿಕೆರೆ, ಅನಂತಪುರ ಜಿಲ್ಲೆಯ ವಜ್ರಕರೂರು ಸುತ್ತಿನ ಕೆಂಪು ಹೊಲಗಳಲ್ಲಿ ಜನಜಾತ್ರೆ. ನಮ್ಮ ಕಡೆಯಿಂದಲೂ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಮಳೆ ಮೇಲ್ಮಣ್ಣನ್ನು ತೊಳೆದು ಹರಳುಕಲ್ಲುಗಳು ಮೇಲೆ ಬಂದಿರುತ್ತವೆ. ಹೊತ್ತು ಹುಟ್ಟುವಾಗ ಮತ್ತು ಇಳಿಹೊತ್ತಿನಲ್ಲಿ, ಬಿಸಿಲು ಓರೆಯಾಗಿ ಬೀಳುವಾಗ, ಸೂರ್ಯನಿಗೆ ಎದುರಾಗಿ ಬಗ್ಗಿ ನಡೆಯಬೇಕು. ಹೊಳೆದದ್ದೆಲ್ಲ ವಜ್ರವಲ್ಲ, ತೊಂಬತ್ತೊಂಬತ್ತು ಪಾಲು ಬೆಣಚುಕಲ್ಲು. ನಿಜವಾದ ಕಚ್ಚಾ ವಜ್ರ ಒದ್ದೆಯಾದರೂ ನೀರು ಹಿಡಿಯದೆ ಜಿಡ್ಡು ಸವರಿದಂತೆ ಕಾಣುತ್ತದೆ ಎಂದು ಹಳಬರು ತೋರಿಸಿಕೊಡುತ್ತಾರೆ.

ನನ್ನ ಸಂಕಟ ಬೇರೆ. ಕಲ್ಲು ಸಿಕ್ಕ ಕೂಡಲೇ ಎಲ್ಲಿಂದಲೋ ದಲ್ಲಾಳಿ ಪ್ರತ್ಯಕ್ಷನಾಗುತ್ತಾನೆ. ಕೆಲವು ಲಕ್ಷ ನಗದು, ಕೆಲವು ತೊಲ ಬಂಗಾರ, ಅಲ್ಲೇ ಮುಗಿಯಿತು. ಆ ಕಲ್ಲಿನ ನಿಜವಾದ ತೂಕವೇನು, ಪೇಟೆಯಲ್ಲಿ ಬೆಲೆಯೇನು ಎಂದು ಕೇಳಲು ಸಿಕ್ಕವನಿಗೆ ಧೈರ್ಯವಿಲ್ಲ, ಏಕೆಂದರೆ ಹೀಗೆ ಆಯ್ದು ಮಾರುವುದಕ್ಕೇ ಪರವಾನಗಿ ಇಲ್ಲ. ಹೆದರಿದವನ ಹತ್ತಿರ ಚೌಕಾಸಿ ಮಾಡುವುದು ಸುಲಭ. ಇತ್ತ ಹೊಲದವರು ಬಿತ್ತಿದ್ದು ತುಳಿದು ಹಾಳಾಯಿತೆಂದು ‘ಒಳಗೆ ಬರಬೇಡಿ’ ಎಂಬ ಫಲಕ ಹಾಕುತ್ತಾರೆ, ಅವರದೂ ತಪ್ಪಲ್ಲ. ಮಧ್ಯಪ್ರದೇಶದ ಪನ್ನಾದಲ್ಲಿ ಬಡವರಿಗೂ ಸರ್ಕಾರವೇ ಅಗೆಯಲು ಜಾಗ ಕೊಡುತ್ತದಂತೆ. ಇಲ್ಲೇಕೆ ಆಗದು?

ಶಿಲಾಪಾಕ

ಭೂವಿಜ್ಞಾನದ ಕೆಲಸದಲ್ಲಿದ್ದು ಈಗ ನಿವೃತ್ತ. ಹಗರಿ ಹಳ್ಳದವರೇ, ನಿಮ್ಮ ಕಡೆಯ ಹಳಬರು ಹೇಳಿದ ಜಿಡ್ಡಿನ ಮಾತು ಬಹಳ ದೊಡ್ಡ ಮಾತು. ವಜ್ರಕ್ಕೆ ನೀರು ಅಂಟುವುದಿಲ್ಲ, ಜಿಡ್ಡು ಅಂಟುತ್ತದೆ. ದಕ್ಷಿಣ ಆಫ್ರಿಕಾದ ಕಿಂಬರ್ಲಿಯಲ್ಲಿ ದಶಕಗಟ್ಟಲೆ ವಜ್ರವನ್ನು ಬೇರ್ಪಡಿಸಿದ್ದು ಈ ಗುಣದಿಂದಲೇ. ಓರೆಯಾದ ಮೇಜಿಗೆ ದಪ್ಪಗೆ ಗ್ರೀಸ್ ಬಳಿದು, ಪುಡಿಮಾಡಿದ ಕಲ್ಲನ್ನು ನೀರಿನೊಂದಿಗೆ ಅದರ ಮೇಲೆ ಹರಿಸಿದರೆ ಉಳಿದ ಕಲ್ಲೆಲ್ಲ ಜಾರಿಹೋಗಿ ವಜ್ರ ಮಾತ್ರ ಗ್ರೀಸಿಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಗ್ರೀಸನ್ನು ಕೆರೆದು ಕುದಿಸಿ ವಜ್ರ ತೆಗೆಯುವುದು.

ಹುಡುಕುವ ಕಥೆ ಹೇಳುತ್ತೇನೆ, ನನಗೆ ಅತ್ಯಂತ ಪ್ರಿಯವಾದದ್ದು ಅದೇ. ವಜ್ರ ಹುಟ್ಟುವುದು ಖಂಡಗಳ ಹಳೆಯ ಗಟ್ಟಿ ತಳದ ಕೆಳಗೆ, 150 ಕಿಲೋಮೀಟರ್‌ಗೂ ಹೆಚ್ಚಿನ ಆಳದಲ್ಲಿ. ಹೆಚ್ಚಿನವುಗಳ ವಯಸ್ಸು ನೂರು ಕೋಟಿಯಿಂದ ಮುನ್ನೂರು ಕೋಟಿ ವರ್ಷ. ಅಷ್ಟು ಆಳದಿಂದ ಶಿಲಾಪಾಕ ರಭಸವಾಗಿ ಮೇಲೆ ಚಿಮ್ಮುವಾಗ ದಾರಿಯಲ್ಲಿದ್ದ ವಜ್ರಗಳನ್ನೂ ಹೊತ್ತು ತರುತ್ತದೆ. ಅದು ಆರಿ ಗಟ್ಟಿಯಾದ ಲಾಳಿಕೆಯಾಕಾರದ ಕೊಳವೆಯೇ ಕಿಂಬರ್ಲೈಟ್. ವಜ್ರಕರೂರಿನ ಕೊಳವೆಗಳಿಗೆ ಸುಮಾರು 110 ಕೋಟಿ ವರ್ಷ. ಅವು ಸವೆದು ಬಂದ ಮಣ್ಣು ಮರಳಿನಲ್ಲಿ ಕಲ್ಲು ಚೆಲ್ಲಾಪಿಲ್ಲಿಯಾಗಿದೆ. ಲೋಕ ಸಾವಿರಾರು ವರ್ಷ ವಜ್ರವನ್ನು ಹುಡುಕಿದ್ದು ಹೊಳೆಯ ಜಲ್ಲಿಯಲ್ಲಿ. 1720ರ ದಶಕದಲ್ಲಿ ಬ್ರೆಜಿಲ್‌ನಲ್ಲಿ ಸಿಕ್ಕಿದ್ದೂ ಹೊಳೆಯಲ್ಲೇ. 1867ರಲ್ಲಿ ದಕ್ಷಿಣ ಆಫ್ರಿಕಾದ ಹೋಪ್‌ಟೌನ್ ಹತ್ತಿರ ಹುಡುಗನೊಬ್ಬ ಆಡಲು ಇಟ್ಟುಕೊಂಡಿದ್ದ ಕಲ್ಲು 21 ಕ್ಯಾರಟ್ ದಾಟಿದ ವಜ್ರವೆಂದು ಗೊತ್ತಾಯಿತು. 1871ರಲ್ಲಿ ಕಿಂಬರ್ಲಿಯ ಒಣನೆಲವನ್ನು ಅಗೆದಾಗಲೇ, ಮೂಲ ಇರುವುದು ಕೊಳವೆಯಲ್ಲಿ ಎಂದು ತಿಳಿದದ್ದು.

ಕೊಳವೆ ಹುಡುಕುವವರು ವಜ್ರವನ್ನು ಹುಡುಕುವುದಿಲ್ಲ. ವಜ್ರ ಅಷ್ಟು ವಿರಳ. ಅದರ ಜೊತೆಗೆ ಮೇಲೆ ಬಂದ ನೇರಳೆಗೆಂಪಿನ ಗಾರ್ನೆಟ್, ಕಪ್ಪು ಇಲ್ಮೆನೈಟ್, ಹಸಿರು ಡಯಾಪ್ಸೈಡ್ ಕಣಗಳನ್ನು ಹುಡುಕುತ್ತಾರೆ. ಹಳ್ಳದ ಮರಳು ಜರಡಿ ಹಿಡಿದು, ಕಣ ಹೆಚ್ಚಾಗುತ್ತ ಹೋದ ದಿಕ್ಕಿನಲ್ಲಿ ಮೇಲೇರುವುದು. 1954ರಲ್ಲಿ ಲಾರಿಸಾ ಪೊಪುಗಾಯೆವಾ ಎಂಬ ಭೂವಿಜ್ಞಾನಿ ಸೈಬೀರಿಯಾದ ಯಾಕುಟಿಯಾದಲ್ಲಿ ಗಾರ್ನೆಟ್ ಜಾಡು ಹಿಡಿದು, ಪಾಚಿಯನ್ನು ಸರಿಸಿ ನೋಡುತ್ತ ಸೋವಿಯತ್ ದೇಶದ ಮೊದಲ ಕಿಂಬರ್ಲೈಟ್ ಕೊಳವೆ ತಲುಪಿದರು. ಕೆನಡಾದಲ್ಲಿ ಚಕ್ ಫಿಪ್ಕಿ ಮತ್ತು ಸ್ಟುವರ್ಟ್ ಬ್ಲಸನ್ ವರ್ಷಗಟ್ಟಲೆ ಹಿಮನದಿ ಎಳೆದೊಯ್ದ ಕಣಗಳ ಬೆನ್ನು ಹತ್ತಿ 1991ರ ಹೊತ್ತಿಗೆ ಲಾಕ್ ದ ಗ್ರಾ ಸರೋವರದ ಬಳಿ ವಜ್ರದ ನೆಲೆ ಕಂಡರು. ಬೋಟ್ಸ್ವಾನಾದಲ್ಲಿ ಎಲ್ಲವೂ ಕಲಹರಿಯ ಮರಳಿನಡಿ ಹೂತಿತ್ತು. ಅಲ್ಲಿ ನೆರವಾದದ್ದು ಗೆದ್ದಲು. ನೀರಿನ ಪಸೆ ಹುಡುಕಿ ಆಳಕ್ಕಿಳಿದ ಗೆದ್ದಲು ಮಣ್ಣಿನೊಂದಿಗೆ ಆ ಸೂಕ್ಷ್ಮ ಕಣಗಳನ್ನು ಮೇಲೆ ತಂದು ಹುತ್ತ ಕಟ್ಟಿತ್ತು, ಭೂವಿಜ್ಞಾನಿಗಳು ಹುತ್ತದ ಮಣ್ಣನ್ನು ಪರೀಕ್ಷಿಸಿದರು.

ಕೊಳವೆ ಸಿಕ್ಕಿದ ಮಾತ್ರಕ್ಕೆ ಗಣಿ ಆಗುವುದಿಲ್ಲ. ಸಾವಿರಾರು ಕಿಂಬರ್ಲೈಟ್‌ಗಳಲ್ಲಿ ಲಾಭಕ್ಕೆ ಅಗೆಯಬಲ್ಲವು ಕೆಲವು ಹತ್ತುಗಳಷ್ಟೇ. ಒಂದು ಟನ್ ಕಲ್ಲು ಪುಡಿಮಾಡಿ ಒಂದು ಕ್ಯಾರಟ್, ಅಂದರೆ 0.2 ಗ್ರಾಂ ಸಿಕ್ಕರೆ ಅದು ಸಮೃದ್ಧ ಗಣಿ. ನಮ್ಮ ರಾಯಚೂರು ಸುತ್ತಲೂ ಕಿಂಬರ್ಲೈಟ್‌ಗಳನ್ನು ಗುರುತಿಸಲಾಗಿದೆ, ಗಣಿ ಮಾತ್ರ ಇಲ್ಲ. ಪುಡಿಮಾಡುವ ಯಂತ್ರ ದೊಡ್ಡ ಕಲ್ಲನ್ನೂ ಒಡೆದುಬಿಡುವುದು ಹಳೆಯ ಗಣಿಗಳ ಶಾಪವಾಗಿತ್ತು. ಬೋಟ್ಸ್ವಾನಾದ ಕರೋವೆ ಗಣಿಯಲ್ಲಿ ನುಣ್ಣಗೆ ಪುಡಿಮಾಡುವ ಮೊದಲೇ ಎಕ್ಸ್‌ರೇ ಹಾಯಿಸಿ ಇಂಗಾಲವನ್ನು ಗುರುತಿಸುವ ವ್ಯವಸ್ಥೆ ತಂದ ಮೇಲೆ 2015ರಲ್ಲಿ 1,109 ಕ್ಯಾರಟ್‌ನ ಕಲ್ಲು, 2024ರಲ್ಲಿ 2,488 ಕ್ಯಾರಟ್‌ನದು ಸಿಕ್ಕವು. 1905ರಲ್ಲಿ ಸಿಕ್ಕ 3,106 ಕ್ಯಾರಟ್‌ನ ಕಲಿನನ್ ಬಿಟ್ಟರೆ ಈ ಎರಡನೆಯದೇ ದೊಡ್ಡದು.

ಪನ್ನಾ ವಿಷಯ ನಿಜ. ಅಲ್ಲಿ ವಜ್ರದ ಕಚೇರಿಯೇ ಇದೆ. ಎಂಟು ಮೀಟರ್ ಉದ್ದ, ಎಂಟು ಮೀಟರ್ ಅಗಲದ ಜಾಗವನ್ನು ಅಲ್ಪ ಶುಲ್ಕಕ್ಕೆ ಗುತ್ತಿಗೆ ಕೊಡುತ್ತಾರೆ. ಅಗೆದು, ಜಲ್ಲಿ ತೊಳೆದು, ಒಣಗಿಸಿ, ಕೈಯಿಂದ ಆಯ್ದು, ಸಿಕ್ಕ ಕಲ್ಲನ್ನು ಕಚೇರಿಗೆ ಒಪ್ಪಿಸಬೇಕು. ಅಲ್ಲಿ ತೂಗಿ ರಸೀದಿ ಕೊಡುತ್ತಾರೆ, ಬಹಿರಂಗ ಹರಾಜಿನಲ್ಲಿ ಬಂದ ಹಣದಲ್ಲಿ ರಾಜಧನ, ತೆರಿಗೆ ಕಳೆದು ಉಳಿದದ್ದು ಅಗೆದವನಿಗೆ. ಅಲ್ಲಿಯೂ ಕದ್ದು ಮಾರುವವರಿದ್ದಾರೆ, ಹರಾಜು ತಡವಾಗುತ್ತದೆಂಬ ದೂರಿದೆ. ಆದರೂ ತೂಕದ ರಸೀದಿ ಎಂಬುದೊಂದು ಬಡವನ ಕೈಯಲ್ಲಿರುತ್ತದೆ. ತುಗ್ಗಲಿಯಲ್ಲಿ ಕೊರತೆಯಿರುವುದು ಅದರದೇ.

ಗ್ಯಾಬರೋನ್ ಕನ್ನಡಿಗ

ಬೋಟ್ಸ್ವಾನಾದ ಹೆಸರು ಬಂದದ್ದರಿಂದ ಬರೆಯುತ್ತಿದ್ದೇನೆ. ಇಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದೇನೆ. 1966ರಲ್ಲಿ ಸ್ವತಂತ್ರವಾದಾಗ ಇದು ಲೋಕದ ಕಡುಬಡ ದೇಶಗಳಲ್ಲೊಂದು. ಮರುವರ್ಷವೇ ಒರಾಪಾದಲ್ಲಿ ವಜ್ರ ಸಿಕ್ಕಿತು, 1982ರಲ್ಲಿ ಜ್ವಾನೆಂಗ್ ಗಣಿ ತೆರೆಯಿತು. ಡಿ ಬೀರ್ಸ್ ಕಂಪನಿ ಮತ್ತು ಸರ್ಕಾರ ಸರಿಪಾಲಿನ ಡೆಬ್‌ಸ್ವಾನಾ ಸಂಸ್ಥೆಯ ಮೂಲಕ ಗಣಿ ನಡೆಸುತ್ತವೆ. ಆ ಹಣ ರಸ್ತೆಯಾಗಿದೆ, ಶಾಲೆಯಾಗಿದೆ, ಆಸ್ಪತ್ರೆಯಾಗಿದೆ. ‘ಗಣಿಯ ವಜ್ರ ಎಂದರೆ ರಕ್ತ’ ಎಂದು ಸಾರಾಸಗಟಾಗಿ ಹೇಳುವವರು ಒಮ್ಮೆ ಇಲ್ಲಿಗೆ ಬಂದು ನೋಡಬೇಕು.

ಅಂಗಡಿಗೆ ಬರುವ ಮೊದಲಿನ ಮಾರಾಟದ ಬಗೆ ಹೇಳುತ್ತೇನೆ. ಸೆಸಿಲ್ ರೋಡ್ಸ್ 1888ರಲ್ಲಿ ಡಿ ಬೀರ್ಸ್ ಕಟ್ಟಿದ್ದೇ ಕಿಂಬರ್ಲಿಯ ಗಣಿಗಳೆಲ್ಲ ಒಂದೇ ಕೈಗೆ ಬರಲೆಂದು, ಕಲ್ಲು ಅಗ್ಗವಾಗದಿರಲೆಂದು. 20ನೆಯ ಶತಮಾನದ ಬಹುಪಾಲು ಲೋಕದ ಕಚ್ಚಾ ವಜ್ರದ ಸಿಂಹಪಾಲು ಲಂಡನ್ನಿನಲ್ಲಿದ್ದ ಡಿ ಬೀರ್ಸ್‌ನ ಒಂದೇ ಮಾರಾಟ ಕಚೇರಿಯ ಮೂಲಕ ಹೋಗುತ್ತಿತ್ತು. ವರ್ಷಕ್ಕೆ ಹತ್ತು ಬಾರಿ ‘ಸೈಟ್’ ಎಂಬ ಮಾರಾಟ. ಆಯ್ದ ವ್ಯಾಪಾರಿಗಳಿಗೆ ಮಾತ್ರ ಪ್ರವೇಶ. ಅವರ ಮುಂದೆ ಒಂದು ಪೆಟ್ಟಿಗೆ, ಒಳಗೆ ಕಂಪನಿಯೇ ವಿಂಗಡಿಸಿದ ಕಲ್ಲುಗಳು, ಕಂಪನಿಯೇ ಕಟ್ಟಿದ ಬೆಲೆ. ಚೌಕಾಸಿ ಇಲ್ಲ. ಬೇಕಾದ್ದು ಆಯ್ದುಕೊಳ್ಳುವಂತಿಲ್ಲ, ಇಡೀ ಪೆಟ್ಟಿಗೆ ಒಯ್ಯಬೇಕು. ಬೇಡವೆಂದು ಪದೇ ಪದೇ ಬಿಟ್ಟುಬಂದವನಿಗೆ ಮುಂದೆ ಕರೆ ಬರುತ್ತದೆಂಬ ಖಾತ್ರಿಯಿರಲಿಲ್ಲ. ರಷ್ಯ, ಆಸ್ಟ್ರೇಲಿಯಾ, ಕೆನಡಾದ ಗಣಿಗಳು ಸ್ವಂತ ದಾರಿ ಹಿಡಿದ ಮೇಲೆ ಆ ಏಕಸ್ವಾಮ್ಯ ಮುರಿಯಿತು. 2013ರಲ್ಲಿ ಸೈಟ್ ಮಾರಾಟ ಲಂಡನ್ನಿನಿಂದ ಇಲ್ಲಿನ ರಾಜಧಾನಿ ಗ್ಯಾಬರೋನಿಗೆ ಬಂತು. 2025ರ ಒಪ್ಪಂದದಂತೆ ಡೆಬ್‌ಸ್ವಾನಾ ಕಲ್ಲುಗಳಲ್ಲಿ ಸರ್ಕಾರಿ ಕಂಪನಿ ತಾನೇ ಮಾರಬಹುದಾದ ಪಾಲು ಶೇ 25ರಿಂದ 30ಕ್ಕೆ ಏರಿದೆ, ಮುಂದೆ 50ರವರೆಗೆ ಏರಲಿದೆ.

ಆದರೆ ಒಂದೇ ಕಲ್ಲನ್ನು ನಂಬಿದ ದೇಶದ ಕಷ್ಟವನ್ನೂ ಹೇಳಬೇಕು. ಬೇಡಿಕೆ ಕುಸಿದು ಗಣಿಗಳು ಉತ್ಪಾದನೆ ತಗ್ಗಿಸಿವೆ. 2025ರ ಆಗಸ್ಟ್‌ನಲ್ಲಿ ಆಸ್ಪತ್ರೆಗಳಲ್ಲಿ ಔಷಧವಿಲ್ಲದೆ ಅಧ್ಯಕ್ಷರು ಸಾರ್ವಜನಿಕ ಆರೋಗ್ಯದ ತುರ್ತುಸ್ಥಿತಿ ಘೋಷಿಸಿದರು. ಅಲ್ಲೆಲ್ಲೋ ಮದುವೆಯ ಉಂಗುರಕ್ಕೆ ಬೇರೆ ಕಲ್ಲು ಆರಿಸಿದರೆ ಇಲ್ಲಿ ಔಷಧದ ಹಣಕ್ಕೆ ಕತ್ತರಿ ಬೀಳುತ್ತದೆ.

ಪ್ರಶ್ನೆ ಕೇಳುವವಳು

ಗ್ಯಾಬರೋನ್ ಅವರೇ, ಬೋಟ್ಸ್ವಾನಾದ ಕಥೆಯನ್ನು ಗೌರವದಿಂದ ಓದಿದೆ. ಆದರೆ ಎಲ್ಲ ಕಲ್ಲೂ ಅಲ್ಲಿಂದ ಬರುವುದಿಲ್ಲವಲ್ಲ. ಸಿಯೆರಾ ಲಿಯೋನ್‌ನಲ್ಲಿ ಬಂಡುಕೋರರು ಜನರ ಕೈ ಕತ್ತರಿಸಿದ್ದು, ಅಂಗೋಲಾದಲ್ಲಿ ಬಂಡುಕೋರರು ಯುದ್ಧ ಮುಂದುವರಿಸಿದ್ದು ವಜ್ರದ ಹಣದಿಂದಲೇ. ಅದಕ್ಕಾಗಿ 2003ರಲ್ಲಿ ಕಿಂಬರ್ಲಿ ಪ್ರಕ್ರಿಯೆ ಜಾರಿಗೆ ಬಂತು, ಪ್ರಮಾಣಪತ್ರವಿಲ್ಲದ ಕಚ್ಚಾ ವಜ್ರ ಗಡಿ ದಾಟುವಂತಿಲ್ಲ ಎಂದಾಯಿತು. ಒಳ್ಳೆಯದೇ. ಆದರೆ ಅದರ ವ್ಯಾಖ್ಯೆಯಲ್ಲಿ ಸಂಘರ್ಷದ ವಜ್ರ ಎಂದರೆ ಸರ್ಕಾರದ ವಿರುದ್ಧ ಹೋರಾಡುವ ಬಂಡುಕೋರರ ಕಲ್ಲು ಮಾತ್ರ. ಸರ್ಕಾರದ ಸೈನಿಕರೇ ಗುಂಡು ಹಾರಿಸಿದರೆ? 2008ರಲ್ಲಿ ಜಿಂಬಾಬ್ವೆಯ ಮರಾಂಗೆಯಲ್ಲಿ ಹಾಗೆಯೇ ಆಯಿತು, ಆ ಕಲ್ಲುಗಳಿಗೂ ಕೊನೆಗೆ ಒಪ್ಪಿಗೆ ಸಿಕ್ಕಿತು. ಈ ವ್ಯವಸ್ಥೆಗಾಗಿ ಹೋರಾಡಿದ್ದ ಗ್ಲೋಬಲ್ ವಿಟ್ನೆಸ್ ಸಂಸ್ಥೆಯೇ 2011ರಲ್ಲಿ ಬೇಸತ್ತು ಹೊರನಡೆಯಿತು. ಇನ್ನು ವರ್ತಕರು ಹೆಸರಿಸಿದ ಜಾಗರ್ಸ್‌ಫಾಂಟೇನ್: ಅಲ್ಲಿ ಹಳೆಯ ತ್ಯಾಜ್ಯವನ್ನು ಮತ್ತೆ ಸೋಸಿ ವಜ್ರ ತೆಗೆಯುತ್ತಿದ್ದರು, 2022ರ ಸೆಪ್ಟೆಂಬರ್ 11ರಂದು ಆ ಕೆಸರಿನ ಕಟ್ಟೆ ಒಡೆದು ಮನೆಗಳು ಕೊಚ್ಚಿಹೋದವು, ಜೀವಗಳು ಹೋದವು. ಹೇಮಾವತಿ ಅಮ್ಮನವರ ಚಿಕ್ಕ ಮಗಳು ಕೇಳುವುದರಲ್ಲಿ ತಪ್ಪೇನಿದೆ?

ಜಾಹೀರಾತು ಲೋಕ

ತಪ್ಪೇನೂ ಇಲ್ಲ. ಆದರೆ ಮೂಲ ಪ್ರಶ್ನೆ ಮರುಮಾರಾಟದ್ದು. ಅದಕ್ಕೆ ಉತ್ತರ ಗಣಿಯಲ್ಲಿಲ್ಲ, ನನ್ನ ಕಸುಬಿನಲ್ಲಿದೆ.

1930ರ ದಶಕದ ಆರ್ಥಿಕ ಕುಸಿತದಲ್ಲಿ ವಜ್ರ ಕೊಳ್ಳುವವರಿರಲಿಲ್ಲ. 1938ರಲ್ಲಿ ಡಿ ಬೀರ್ಸ್ ಅಮೆರಿಕದ ಎನ್. ಡಬ್ಲ್ಯೂ. ಅಯರ್ ಎಂಬ ಜಾಹೀರಾತು ಸಂಸ್ಥೆಯ ಬಾಗಿಲು ತಟ್ಟಿತು. ಅವರು ಕಂಪನಿಯ ಹೆಸರನ್ನು ಮಾರಲಿಲ್ಲ, ಮದುವೆಯ ನಿಶ್ಚಯಕ್ಕೆ ವಜ್ರದ ಉಂಗುರ ಬೇಕೇ ಬೇಕು ಎಂಬ ಭಾವನೆಯನ್ನು ಬೆಳೆಸಿದರು. ಸಿನಿಮಾ ತಾರೆಯರ ಬೆರಳಿಗೆ ಉಂಗುರ, ಪತ್ರಿಕೆಗಳಿಗೆ ಅದರ ಸುದ್ದಿ. 1947ರಲ್ಲಿ ಆ ಸಂಸ್ಥೆಯ ಫ್ರಾನ್ಸಿಸ್ ಗೆರೆಟಿ ಎಂಬ ಬರಹಗಾರ್ತಿ ‘ವಜ್ರ ಎಂದೆಂದಿಗೂ’ ಎಂಬ ಅರ್ಥದ ಘೋಷವಾಕ್ಯ ಬರೆದರು. ಅದರ ಕೆಲಸವೇನೆಂದು ಯೋಚಿಸಿ. ಕೊಳ್ಳಿ ಎನ್ನುವುದರ ಜೊತೆಗೆ ಮಾರಬೇಡಿ ಎಂದೂ ಅದು ಹೇಳುತ್ತದೆ. ಅಜ್ಜಿಯ ವಜ್ರವನ್ನು ಮಾರುವುದೆಂದರೆ ಅಜ್ಜಿಯ ಪ್ರೀತಿಯನ್ನೇ ಮಾರಿದಂತೆ ಎಂಬ ಅಳುಕು ಹುಟ್ಟಿಸುತ್ತದೆ. ವಜ್ರ ಸವೆಯುವುದಿಲ್ಲ, ಕೊಳೆಯುವುದಿಲ್ಲ. ಇದುವರೆಗೆ ಅಗೆದದ್ದರಲ್ಲಿ ಬಹುಪಾಲು ಯಾರದೋ ಪೆಟ್ಟಿಗೆಯಲ್ಲಿ ಕೂತಿದೆ. ಅದರಲ್ಲಿ ಒಂದಿಷ್ಟು ಪೇಟೆಗೆ ಮರಳಿದರೂ ಹೊಸ ಕಲ್ಲಿನ ಬೆಲೆ ನಿಲ್ಲದು. ಈ ವ್ಯಾಪಾರ ನಿಂತಿರುವುದೇ ಜನ ಮಾರಲು ಬರುವುದಿಲ್ಲ ಎಂಬ ನಂಬಿಕೆಯ ಮೇಲೆ. ಹಳೆಯದನ್ನು ಮರಳಿ ಕೊಳ್ಳುವ ದಾರಿ ತೆರೆಯಲು ಯಾರಿಗೂ ಆಸೆಯಿರಲಿಲ್ಲ, ಹಾಗಾಗಿ ಆ ದಾರಿ ಹುಟ್ಟಲೇ ಇಲ್ಲ. ಅಮ್ಮ, ನಿಮಗೆ ಬೆಲೆ ಸಿಗದಿರುವುದು ನಿಮ್ಮ ಓಲೆಯ ದೋಷವಲ್ಲ.

ಜಪಾನ್‌ನಲ್ಲಿ 1960ರ ದಶಕದ ಕೊನೆಗೆ ಈ ಪ್ರಚಾರ ಶುರುವಾದಾಗ ನೂರಕ್ಕೆ ಐವರು ವಧುಗಳಿಗೂ ವಜ್ರದ ಉಂಗುರ ಇರಲಿಲ್ಲ, 1981ರ ಹೊತ್ತಿಗೆ ಸುಮಾರು ಅರವತ್ತು ವಧುಗಳ ಬೆರಳಿನಲ್ಲಿತ್ತು. ಒಂದು ತಲೆಮಾರಿನೊಳಗೆ ಸಂಪ್ರದಾಯವೊಂದು ತಯಾರಾಯಿತು. ನಮ್ಮಲ್ಲಿ ವಜ್ರದ ಬೇಸರಿ, ಓಲೆಗಳ ರೂಢಿ ಜಾಹೀರಾತಿಗಿಂತ ಬಹಳ ಹಳೆಯದು. ಆದರೆ ನಿಶ್ಚಿತಾರ್ಥಕ್ಕೆ ಒಂಟಿ ಹರಳಿನ ಉಂಗುರ ತೊಡಿಸುವುದು ನಮ್ಮ ಅಜ್ಜಿಯರಿಗೆ ಗೊತ್ತಿರಲಿಲ್ಲ.

ತಾಪಿ ದಂಡೆ

ಸೂರತ್‌ನಿಂದ. ಇಲ್ಲಿಯ ವಜ್ರದ ಕಾರ್ಖಾನೆಯೊಂದರಲ್ಲಿ ವಿಂಗಡಣೆ ವಿಭಾಗದಲ್ಲಿದ್ದೇನೆ, ಊರು ಬೆಳಗಾವಿ ಕಡೆ. ಎಲ್ಲರೂ ಗಣಿ, ಅಂಗಡಿ ಎಂದಿರಿ, ನಡುವಿನ ಕೈಗಳನ್ನು ಯಾರೂ ಹೇಳಲಿಲ್ಲ. ಲೋಕದ ಹತ್ತು ವಜ್ರಗಳಲ್ಲಿ ಒಂಬತ್ತು ಸಾಣೆ ಕಾಣುವುದು ಈ ಊರಿನ ಸುತ್ತಮುತ್ತ.

ಕಚ್ಚಾ ಕಲ್ಲು ಬಂದರೆ ಮೊದಲು ಯಂತ್ರದಲ್ಲಿಟ್ಟು ಒಳಗಿನ ಬಿರುಕು, ಕಲೆಗಳ ನಕ್ಷೆ ತೆಗೆಯುತ್ತಾರೆ. ಎಲ್ಲಿ ಕತ್ತರಿಸಿದರೆ ಹೆಚ್ಚು ತೂಕ ಉಳಿದೀತು, ಎಲ್ಲಿ ಕತ್ತರಿಸಿದರೆ ಕಲೆ ಹೋದೀತು ಎಂಬ ಲೆಕ್ಕ. ಲೇಸರ್‌ನಿಂದ ಸೀಳಿದ ಮೇಲೆ ಸಾಣೆ. ವಜ್ರವನ್ನು ಉಜ್ಜಬಲ್ಲದ್ದು ವಜ್ರದ ಪುಡಿ ಮಾತ್ರ. ತಿರುಗುವ ಕಬ್ಬಿಣದ ತಟ್ಟೆಗೆ ಎಣ್ಣೆಯಲ್ಲಿ ಕಲಸಿದ ಆ ಪುಡಿ ಸವರಿ, ಹಿಡಿಕೆಯಲ್ಲಿ ಸಿಕ್ಕಿಸಿದ ಕಲ್ಲನ್ನು ಅದಕ್ಕೆ ತಾಗಿಸುತ್ತಾರೆ. ಕೆಲವು ಕ್ಷಣಕ್ಕೊಮ್ಮೆ ಎತ್ತಿ ಲೂಪ್ ಎಂಬ ಭೂತಗನ್ನಡಿಯಲ್ಲಿ ನೋಡುವುದು, ಮತ್ತೆ ತಾಗಿಸುವುದು. ಕೂದಲೆಳೆ ಹೆಚ್ಚು ಉಜ್ಜಿದರೂ ಆ ಮುಖ ಕೆಟ್ಟಂತೆ. ದುಂಡು ಕಲ್ಲಿಗೆ ಇಂಥ 57 ಮುಖಗಳು. ಕೊನೆಗೆ ಕಚ್ಚಾ ತೂಕದ ಅರ್ಧವೋ ಅದಕ್ಕಿಂತ ಹೆಚ್ಚೋ ಪುಡಿಯಾಗಿ ಹೋಗಿರುತ್ತದೆ. ತಟ್ಟೆಯ ಮುಂದೆ ಕೂತವರಿಗೆ ಕಲ್ಲೊಂದಕ್ಕೆ ಇಂತಿಷ್ಟು ಎಂಬ ಕೂಲಿ. ಕಲ್ಲು ಬರದಿದ್ದರೆ ಕೂಲಿಯಿಲ್ಲ.

ಮಹಿಧರಪುರದ ಬೀದಿಗೆ ಒಮ್ಮೆ ಬನ್ನಿ. ಸ್ಕೂಟರಿನ ಮೇಲೆ ಬಿಳಿ ಕಾಗದದ ಪೊಟ್ಟಣ ಬಿಚ್ಚಿ, ಚಿಮಟದಲ್ಲಿ ಕಲ್ಲೆತ್ತಿ, ಲಕ್ಷಗಟ್ಟಲೆ ಮಾಲನ್ನು ಬಾಯಿಮಾತಿನಲ್ಲಿ ಸಾಲ ಕೊಡುತ್ತಾರೆ. ಮುಂಬೈಗೆ ಪೊಟ್ಟಣ ಒಯ್ಯುವವರು ಅಂಗಡಿಯಾಗಳು, ತಲೆಮಾರುಗಳಿಂದ ನಂಬಿಕೆಯೇ ಅವರ ಬಂಡವಾಳ. 2023ರ ಡಿಸೆಂಬರ್‌ನಲ್ಲಿ ಇಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕಚೇರಿಗಳ ವಜ್ರ ವಿನಿಮಯ ಕೇಂದ್ರವನ್ನು ಪ್ರಧಾನಿ ಉದ್ಘಾಟಿಸಿದರು. ಅದೇ ಹೊತ್ತಿಗೆ ಮಾಲು ಮಾರಾಟವಾಗದೆ, ಅಕ್ಟೋಬರ್ 15ರಿಂದ ಡಿಸೆಂಬರ್ 15ರವರೆಗೆ ಕಚ್ಚಾ ವಜ್ರದ ಆಮದನ್ನು ಉದ್ಯಮವೇ ನಿಲ್ಲಿಸಿತ್ತು. 2024ರಿಂದ ರಷ್ಯದ ಕಲ್ಲಿಗೆ ಜಿ-7 ದೇಶಗಳ ನಿರ್ಬಂಧ, 2025ರ ಆಗಸ್ಟ್‌ನಲ್ಲಿ ಅಮೆರಿಕದ ಶೇ 50ರ ಸುಂಕ. ನನ್ನ ಪಕ್ಕದ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಸಾಣೆ ಕೆಲಸದವರು. ಈಗ ವಾರದಲ್ಲಿ ಕೆಲವೇ ದಿನ ಕೆಲಸ, ಮಕ್ಕಳ ಶಾಲೆಯ ಶುಲ್ಕ ಬಾಕಿ. ನೈತಿಕ ವಜ್ರ ಯಾವುದೆಂದು ಚರ್ಚಿಸುವಾಗ ಇವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಪ್ರಶ್ನೆ ಕೇಳುವವಳು

ಪ್ರಯೋಗಾಲಯದ ವಜ್ರಕ್ಕೂ ಸಾಣೆ ಬೇಕಲ್ಲವೇ ಅಣ್ಣ? ಆ ಕೆಲಸ ಇವರಿಗೇ ಸಿಗಬಹುದಲ್ಲ?

ತಾಪಿ ದಂಡೆ

ಸಿಗುತ್ತಿದೆ ತಂಗಿ, ಅನೇಕ ಕಾರ್ಖಾನೆಗಳು ಅದರಿಂದಲೇ ಉಸಿರಾಡುತ್ತಿವೆ. ಅಲ್ಲಿಯೂ ಕಲ್ಲಿನ ಬೆಲೆ ಇಳಿದಂತೆ ಕೂಲಿಯ ಮೇಲೆ ಒತ್ತಡ ಬೀಳುತ್ತದೆ.

ಶಿಲಾಪಾಕ

ಒಂದು ಸ್ಪಷ್ಟನೆ. ಪ್ರಯೋಗಾಲಯದ ವಜ್ರ ನಕಲಿಯಲ್ಲ. ಅದೇ ಇಂಗಾಲ, ಅದೇ ಹರಳಿನ ರಚನೆ. 1954ರ ಡಿಸೆಂಬರ್‌ನಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ ಟ್ರೇಸಿ ಹಾಲ್ ಭಾರೀ ಒತ್ತಡ ಮತ್ತು ಕಾವಿನಲ್ಲಿ ಅದನ್ನು ಮಾಡಿ ತೋರಿಸಿದರು. ಈಗ ಇನ್ನೊಂದು ವಿಧಾನವೂ ಇದೆ: ವಜ್ರದ ತೆಳು ಬಿಲ್ಲೆಯನ್ನು ಬೀಜವಾಗಿಟ್ಟು, ಮೀಥೇನ್ ಅನಿಲದಿಂದ ಇಂಗಾಲವನ್ನು ಪದರ ಪದರವಾಗಿ ಅದರ ಮೇಲೆ ಕೂರಿಸುವುದು. ಲೂಪ್‌ನಲ್ಲಿ ನೋಡಿದರೆ ವ್ಯತ್ಯಾಸ ತಿಳಿಯದು, ಯಂತ್ರವೇ ಬೇಕು. ವಿದ್ಯುತ್ ಬಹಳ ಬೇಡುತ್ತದೆ, ಆ ವಿದ್ಯುತ್ ಕಲ್ಲಿದ್ದಲಿನದಾದರೆ ‘ಹಸಿರು ವಜ್ರ’ ಎಂಬ ಹೆಸರು ಸಲ್ಲದು. ಮತ್ತೊಂದು ಕಡೆ, ಮಧ್ಯಪ್ರದೇಶದ ಬಕ್ಸ್‌ವಾಹಾದ ಕಾಡಿನಡಿ ವಜ್ರವಿದೆಯೆಂದು ಎರಡು ಲಕ್ಷಕ್ಕೂ ಹೆಚ್ಚು ಮರ ಕಡಿಯುವ ಯೋಜನೆ ಬಂದಾಗ ಜನ ಎದ್ದು ನಿಂತರು. ನಾನೂ ಭೂವಿಜ್ಞಾನಿಯಾಗಿಯೇ ಅವರ ಪರ. ಆಭರಣಕ್ಕಾಗಿ ಒಂದು ಕಾಡು ಹೋಗುವುದು ನನಗೆ ಒಪ್ಪಿಗೆಯಿಲ್ಲ.

ಚಿಕ್ಕಪೇಟೆ ವರ್ತಕ

ನನ್ನ ಅಂಗಡಿಯಲ್ಲಿ ಎರಡನ್ನೂ ಮಾರುತ್ತೇನೆ, ಬೇರೆ ಬೇರೆ ತಟ್ಟೆಯಲ್ಲಿಟ್ಟು, ಇಂಥದ್ದು ಎಂದು ಬಿಲ್ಲಿನಲ್ಲಿ ಬರೆದು. 2018ರಲ್ಲಿ ಡಿ ಬೀರ್ಸ್ ತಾನೇ ಬೆಳೆಸಿದ ಕಲ್ಲನ್ನು ಕ್ಯಾರಟ್‌ಗೆ 800 ಡಾಲರ್‌ನಂತೆ ಮಾರಲು ಹೊರಟಿತ್ತು, ಆಗ ಅದು ಅಗ್ಗವೆನಿಸಿತ್ತು. ಬೆಲೆ ಅದಕ್ಕಿಂತ ಎಷ್ಟೋ ಕೆಳಗಿಳಿದು 2025ರಲ್ಲಿ ಆ ವ್ಯಾಪಾರವನ್ನೇ ಮುಚ್ಚುವುದಾಗಿ ಕಂಪನಿ ಪ್ರಕಟಿಸಿತು. ತೊಡುವ ಸಂತೋಷಕ್ಕೆ ಕೊಳ್ಳುವವರು ಧಾರಾಳವಾಗಿ ಕೊಳ್ಳಲಿ. ಮಾರಿದರೆ ಹಣ ಬರುತ್ತದೆಂದು ಕೊಳ್ಳಬಾರದು, ಏಕೆಂದರೆ ಯಂತ್ರ ಇದ್ದಷ್ಟು ಕಲ್ಲು ಬೆಳೆಯುತ್ತದೆ. ಗಣಿಯ ಸಣ್ಣ ಕಲ್ಲಿಗೂ ನಾನು ಹೂಡಿಕೆ ಎಂಬ ಮಾತು ಬಳಸುವುದಿಲ್ಲ. ಹಾಗೆ ಹೇಳಿ ಮಾರುವವರನ್ನು ನಂಬಬೇಡಿ.

ಹೇಮಾವತಿ ತೀರ

ಇಷ್ಟು ತಿಳಿದ ಮೇಲೆ ಮಾರುವ ಯೋಚನೆ ಬಿಟ್ಟೆವು. ಅತ್ತೆಯವರ ಹರಳುಗಳನ್ನೇ ಹೊಸ ಓಲೆಗೆ ಕೂರಿಸುವುದು, ಚಿಕ್ಕ ಮಗಳಿಗೆ ಮುಂದೆ ಅವಳಿಗೆ ಬೇಕಾದ್ದು. ಮುರಿಸುವಾಗ ಹರಳು ಬದಲಾಗುವ ಭಯವಿದೆ. ಏನು ಎಚ್ಚರಿಕೆ ವಹಿಸಬೇಕು, ವರ್ತಕರೇ?

ಚಿಕ್ಕಪೇಟೆ ವರ್ತಕ

ಭಯ ಸಹಜ ಅಕ್ಕ. ಓಲೆಯನ್ನು ಹಾಗೇ ಬಿಟ್ಟು ಬರಬೇಡಿ, ನಿಮ್ಮ ಎದುರಿನಲ್ಲೇ ಹರಳು ಬಿಚ್ಚಿಸಿ. ಹಿಂಬದಿ ಬಂಗಾರದಿಂದ ಮುಚ್ಚಿದ್ದರೆ ಬಿಚ್ಚಿದ ಮೇಲೆಯೇ ನಿಜವಾದ ಬಣ್ಣ ಕಾಣುವುದು, ಮೊದಲಿಗಿಂತ ಮಂಕಾಗಿ ಕಂಡರೆ ಗಾಬರಿಯಾಗಬೇಡಿ. ಒಂದೊಂದು ಹರಳನ್ನೂ ಬಿಡಿಯಾಗಿ ತೂಗಿಸಿ, ಸೆಂಟ್ ಲೆಕ್ಕವನ್ನು ಅಂಗಡಿಯ ಚೀಟಿಯಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ, ಮೊಬೈಲಿನಲ್ಲಿ ಹತ್ತಿರದಿಂದ ಫೋಟೋ ತೆಗೆಯಿರಿ. ಹಳೆಯ ಸಾಣೆಯ ಕಲ್ಲಾದರೆ ಮುಖಗಳು ಒಂದೇ ಅಳತೆಯಲ್ಲಿರುವುದಿಲ್ಲ, ಅದೇ ನಿಮಗೆ ಗುರುತು. ‘ಹೊಸದಾಗಿ ಸಾಣೆ ಹಿಡಿಸಿ ಹೊಳಪು ಬರಿಸುತ್ತೇವೆ’ ಎಂದರೆ ಒಪ್ಪಬೇಡಿ, ಸಣ್ಣ ಕಲ್ಲಿನಲ್ಲಿ ತೂಕ ಹೋಗುವುದೇ ಹೆಚ್ಚು. ಬಂಗಾರದ ತೂಕ, ಹರಳಿನ ತೂಕ, ಕೂಲಿ ಮೂರನ್ನೂ ಬಿಲ್ಲಿನಲ್ಲಿ ಬೇರೆ ಬೇರೆ ಸಾಲಿನಲ್ಲಿ ಬರೆಸಿ. ಎರಡೂ ಓಲೆ ಸಿದ್ಧವಾದ ಮೇಲೆ ಅದೇ ಚೀಟಿ ಹಿಡಿದು ಲೂಪ್ ಕೇಳಿ ಪಡೆದು, ಒಂದೊಂದಾಗಿ ಹೋಲಿಸಿ ನೋಡಿಯೇ ಹಣ ಕೊಡಿ.